ಲಾಂಗ್-ಲಾಸ್ಟಿಂಗ್ ಸಂಬಂಧವೋ ಲಾಂಗ್-ಸ್ಟ್ಯಾಂಡಿಂಗ್ ಸಂಬಂಧವೋ?

ಪ್ರಶ್ನೆ: ನಾನು ಒಂದು ಪ್ಯಾಕೇಜಿಂಗ್ ಕಂಪನೀಲಿ ಸೇಲ್ಸ್ ನೋಡ್ಕೋತೀನಿ, ಓದಿದ್ದೆಲ್ಲ ಕನ್ನಡ ಮೀಡಿಯಂ. ಹಳೇ ಕಸ್ಟಮರ್ ಒಬ್ರಿಗೆ ಮೇಲ್ ಬರೀವಾಗ ‘ವಿ ಹ್ಯಾವ್ ಎ ಲಾಂಗ್ ಲಾಸ್ಟಿಂಗ್ ರಿಲೇಶನ್‌ಶಿಪ್ ವಿತ್ ಯುವರ್ ಕಂಪನಿ’ ಅಂತ ಬರೆದಿದ್ದೆ. ಮ್ಯಾನೇಜರ್ ಅದನ್ನ ‘ಲಾಂಗ್-ಸ್ಟ್ಯಾಂಡಿಂಗ್’ ಅಂತ ತಿದ್ದಿ ಮಧ್ಯೆ ಒಂದು ಗೀಟನ್ನೂ ಹಾಕಿ ಕಳ್ಸಿದ್ರು. ಡಿಕ್ಷನರೀಲಿ ನೋಡಿದ್ರೆ ಎರಡಕ್ಕೂ ‘ದೀರ್ಘಕಾಲದ’ ಅಂತಾನೇ ಇದೆ. ಹಾಗಾದ್ರೆ ನಂದು ತಪ್ಪು ಹೇಗೆ? ಇನ್ನೊಂದು ಮಾತು, ಲಾಸ್ಟ್ ಅಂದ್ರೆ ಕೊನೆ ತಾನೆ, ಅದು ಬಾಳಿಕೆ ಬರೋದು ಹೇಗಾಯ್ತು? ಆ ಗೀಟು ಯಾವಾಗ ಹಾಕ್ಬೇಕು ಅಂತಾನೂ ಹೇಳಿ.

ಉತ್ತರ: ಮ್ಯಾನೇಜರ್ ತಿದ್ದಿದ್ದು ಸರಿ. ಆದ್ರೆ ನೀವು ಬರೆದ ಪದಾನೂ ಒಳ್ಳೇ ಪದವೇ, ಅದು ಕೂರಬೇಕಿದ್ದ ಜಾಗ ಬೇರೆ ಅಷ್ಟೆ. ‘ಮುಂದೇನೂ ನಿಮ್ಮ ಜೊತೆ ಲಾಂಗ್-ಲಾಸ್ಟಿಂಗ್ ರಿಲೇಶನ್‌ಶಿಪ್ ಬೆಳೆಸ್ಕೊಳ್ಳೋ ಆಸೆ ಇದೆ’ ಅಂತ ಬರೆದಿದ್ರೆ ಯಾರೂ ಅದಕ್ಕೆ ಕೈ ಹಾಕ್ತಿರ್ಲಿಲ್ಲ. ‘ಇಷ್ಟು ವರ್ಷದಿಂದ ನಿಮ್ಮ ಜೊತೆ ವ್ಯವಹಾರ ಇದೆ’ ಅಂತ ಹೇಳೋಕೆ ಹೊರಟಾಗ ಮಾತ್ರ ಅದು ಎಡವುತ್ತೆ.

ಇಲ್ಲಿ ನಿಮ್ಮನ್ನ ದಾರಿ ತಪ್ಪಿಸಿದ್ದು ಇಂಗ್ಲಿಷ್ ಅಲ್ಲ, ಡಿಕ್ಷನರೀಲಿ ಸಿಕ್ಕಿದ ಆ ‘ದೀರ್ಘಕಾಲದ’ ಅನ್ನೋ ಕನ್ನಡ ಪದ. ಅದು ಸರ್ಕಾರಿ ಗೋದಾಮಿನ ಥರ, ಏನು ತಂದು ಹಾಕಿದ್ರೂ ಒಳಗೆ ಹಿಡಿಸತ್ತೆ. ದೀರ್ಘಕಾಲದ ಗೆಳೆಯ, ದೀರ್ಘಕಾಲದ ಯೋಜನೆ, ದೀರ್ಘಕಾಲದ ಪರಿಣಾಮ, ದೀರ್ಘಕಾಲದ ಬೇಡಿಕೆ. ಕೊನೇಲಿರೋ ಆ ‘ದ’ ಅನ್ನೋ ಷಷ್ಠಿ ಪ್ರತ್ಯಯ ಏನೂ ಬಿಟ್ಟುಕೊಡಲ್ಲ, ಆ ಕಾಲ ಹಿಂದಿನಿಂದ ಬಂದಿದ್ದಾ, ಮುಂದಕ್ಕೆ ಹೋಗೋದಾ, ಬರೀ ಉದ್ದದ ಮಾತಾ ಅಂತ ಕೇಳಿದ್ರೆ ಸುಮ್ನೆ ಇದ್ಬಿಡತ್ತೆ. ಇಂಗ್ಲಿಷ್ ಹಾಗೆ ಸುಮ್ನಿರಲ್ಲ, ಲಾಂಗ್ ಆದ್ಮೇಲೆ ಬರೋ ಎರಡನೇ ತುಂಡಿನಲ್ಲೇ ಆ ಲೆಕ್ಕ ಹೇಳಿಬಿಡತ್ತೆ.

ಹಾಗಾಗಿ ನಾನು ಪಿಯುಸಿ ಮಕ್ಕಳಿಗೆ ಪಾಠ ಮಾಡೋವಾಗ ಕಂಡುಕೊಂಡ ಒಂದು ದಾರಿ ಹೇಳ್ತೀನಿ. ‘ದೀರ್ಘಕಾಲದ’ ಅನ್ನೋದನ್ನ ಬಿಚ್ಚಿ, ಮನೇಲಿ ಮಾತಾಡೋ ಕನ್ನಡಕ್ಕೆ ಹಾಕಿ ನೋಡಿ. ‘ಬಹಳ ಕಾಲದಿಂದ’ ಅಂತ ಬಂದ್ರೆ ಸ್ಟ್ಯಾಂಡಿಂಗ್. ಬರೀ ‘ಬಹಳ ಕಾಲ’ ಅಂತ ಬಂದ್ರೆ ಲಾಸ್ಟಿಂಗ್. ‘ಬಹಳ ಕಾಲಕ್ಕೆ’ ಅಂತ ಬಂದ್ರೆ ಟರ್ಮ್. ನಿಮ್ಮ ಕಸ್ಟಮರ್ ಜೊತೆ ಸಂಬಂಧ ಎಂಥದ್ದು? ಬಹಳ ಕಾಲದಿಂದ ಇರೋದು. ‘ದಿಂದ’ ಬಂತಲ್ಲ, ಅಲ್ಲಿಗೆ ಲಾಂಗ್-ಸ್ಟ್ಯಾಂಡಿಂಗ್. ಬ್ಯಾಗಿಗೆ ಹಾಕಿಸಿದ ಜಿಪ್ಪು? ಬಹಳ ಕಾಲ ಬಾಳಿಕೆ ಬರೋದು, ಅದು ಲಾಂಗ್-ಲಾಸ್ಟಿಂಗ್. ಬ್ಯಾಂಕಿನ ಮನೆ ಸಾಲ? ಇಪ್ಪತ್ತು ವರ್ಷಕ್ಕೆ ತಗೊಂಡಿದ್ದು, ಲಾಂಗ್-ಟರ್ಮ್ ಲೋನು. ನೋಡಿ, ‘ಐದು ವರ್ಷಕ್ಕೆ ಎಫ್‌ಡಿ ಇಟ್ಟೆ’ ಅಂತ ನಾವು ಯೋಚ್ನೆ ಮಾಡದೇನೇ ಹೇಳ್ತೀವಿ, ‘ಐದು ವರ್ಷದಿಂದ ಎಫ್‌ಡಿ ಇಟ್ಟೆ’ ಅಂತ ಯಾರೂ ಹೇಳಲ್ಲ. ಅಂದ್ರೆ ಈ ವ್ಯತ್ಯಾಸ ನಿಮಗೆ ಗೊತ್ತಿಲ್ಲದ್ದಲ್ಲ, ನಾಲಿಗೇಲಿ ಆಗ್ಲೇ ಇದೆ.

ಎಲ್ಲರಿಗೂ ಗೊತ್ತಿರೋ ಉದಾಹರಣೆ ತಗೊಳ್ಳಿ, ಕಾವೇರಿ ನೀರಿನ ಜಗಳ. ಮೈಸೂರಿಗೂ ಮದ್ರಾಸಿಗೂ 1892ರಲ್ಲಿ ಒಂದು ಒಪ್ಪಂದ ಆಯ್ತು, 1924ರಲ್ಲಿ ಇನ್ನೊಂದು ಆಯ್ತು, 1990ರಲ್ಲಿ ಟ್ರಿಬ್ಯುನಲ್ ಕೂತ್ಕೊಂಡು 2007ರಲ್ಲಿ ಅಂತಿಮ ತೀರ್ಪು ಕೊಡ್ತು, 2018ರ ಫೆಬ್ರವರೀಲಿ ಸುಪ್ರೀಂ ಕೋರ್ಟು ಅದನ್ನ ತಿದ್ದಿ ಹೇಳ್ತು, ಆದ್ರೂ ಮಳೆ ಕೈಕೊಟ್ಟ ವರ್ಷ ಮಂಡ್ಯದ ಹೈವೇ ಬಂದ್ ಆಗೋದು ತಪ್ಪಿಲ್ಲ. ಇದನ್ನ ಇಂಗ್ಲಿಷ್ ಪೇಪರಿನೋರು ಲಾಂಗ್-ಸ್ಟ್ಯಾಂಡಿಂಗ್ ಡಿಸ್ಪ್ಯೂಟ್ ಅಂತಾನೇ ಬರೀತಾರೆ, ಇಲ್ಲಾಂದ್ರೆ ಲಾಂಗ್-ರನ್ನಿಂಗ್ ಅಂತಾರೆ. ಲಾಂಗ್-ಲಾಸ್ಟಿಂಗ್ ಡಿಸ್ಪ್ಯೂಟ್ ಅಂದ್ರೆ ವ್ಯಾಕರಣ ಏನೂ ಮುರಿಯಲ್ಲ, ಆದ್ರೆ ಕಿವಿಗೆ ಒಂಥರಾ ಕೇಳತ್ತೆ, ಯಾರೋ ಒಳ್ಳೇ ಮಾಲು ಹಾಕಿ ಗಟ್ಟಿಯಾಗಿ ತಯಾರು ಮಾಡಿದ ಜಗಳ ಅನ್ನೋ ಹಾಗೆ.

ಇನ್ನೊಂದು ಕಡೆ ಮೈಸೂರಿನ ಇಂಕು ನೋಡಿ. ವೋಟು ಹಾಕಿದ್ಮೇಲೆ ಬೆರಳಿಗೆ ಹಚ್ತಾರಲ್ಲ, ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್‌ನಲ್ಲಿ ತಯಾರಾಗೋದು, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ 1937ರಲ್ಲಿ ಶುರುವಾದ ಕಾರ್ಖಾನೆ. ಆ ಇಂಕಿನಲ್ಲಿರೋ ಸಿಲ್ವರ್ ನೈಟ್ರೇಟು ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ರೆ ಕಪ್ಪಾಗಿ ಹಿಡ್ಕೊಳ್ಳತ್ತೆ, ಸೋಪು ಹಾಕಿ ಎಷ್ಟು ಉಜ್ಜಿದ್ರೂ ಹೋಗಲ್ಲ, ಉಗುರಿನ ಮೇಲಂತೂ ಉಗುರು ಬೆಳೆದು ಕತ್ತರಿಸೋವರೆಗೂ ಇರತ್ತೆ. ಈ ಮಾರ್ಕು ಲಾಂಗ್-ಲಾಸ್ಟಿಂಗ್. ಅದೇ ಕಾರ್ಖಾನೆ 1962ರ ಮಹಾ ಚುನಾವಣೆಯಿಂದ ಇಂಕು ಕೊಡ್ತಾ ಬಂದಿದೆ, ಚುನಾವಣಾ ಆಯೋಗದ ಜೊತೆ ಅದಕ್ಕಿರೋ ನಂಟು ಲಾಂಗ್-ಸ್ಟ್ಯಾಂಡಿಂಗ್. ಇಂಕು ಬಹಳ ಕಾಲ ಇರತ್ತೆ, ನಂಟು ಬಹಳ ಕಾಲದಿಂದ ಇದೆ. ಎರಡನ್ನ ಅದಲು ಬದಲು ಮಾಡಿ ‘ಲಾಂಗ್-ಸ್ಟ್ಯಾಂಡಿಂಗ್ ಇಂಕ್’ ಅಂದ್ರೆ ಎಷ್ಟೋ ವರ್ಷದಿಂದ ಬಾಟಲೀಲಿ ಕೂತು ಹಳಸಿರೋ ಇಂಕು ಅನ್ಸತ್ತೆ.

ಇಲ್ಲೊಂದು ಸಣ್ಣ ಮಾತು ಸೇರಿಸ್ಬೇಕು. ಸ್ಟ್ಯಾಂಡಿಂಗ್ ಅಂದಾಗ ಆ ಸಂಗತಿ ಈಗ್ಲೂ ಇರ್ಬೇಕು, ಇಲ್ಲಾಂದ್ರೆ ಕಥೆ ಹೇಳ್ತಿರೋ ಆ ಗಳಿಗೇವರೆಗಾದ್ರೂ ಇದ್ದಿರ್ಬೇಕು. ‘ಲಾಂಗ್-ಸ್ಟ್ಯಾಂಡಿಂಗ್ ಜಗಳ ನಿನ್ನೆ ಮುಗೀತು’ ಅನ್ನಬಹುದು, ನಿನ್ನೆವರೆಗೆ ನಿಂತಿತ್ತು. ಲಾಸ್ಟಿಂಗ್‌ಗೆ ಆ ಕಟ್ಟುಪಾಡು ಇಲ್ಲ, ಎಂದೋ ಶುರುವಾಗಿ ಎಂದೋ ಮುಗಿದು ಹೋದ ಶಾಂತೀನೂ ಲಾಂಗ್-ಲಾಸ್ಟಿಂಗ್ ಪೀಸ್ ಆಗಬಹುದು, ಇನ್ನೂ ಹುಟ್ಟೇ ಇಲ್ಲದ ಸಂಬಂಧಾನೂ ಆಗಬಹುದು. ಅದು ಅಳತೆಯ ಪದ. ಸ್ಟ್ಯಾಂಡಿಂಗ್ ಹಾಗಲ್ಲ, ಅದು ಹಿರಿತನದ ಪದ, ಬರೀ ಕಾಲ ಮೇಲೆ ನಿಲ್ಲೋದಲ್ಲ. ‘ಅಡ್ವೊಕೇಟ್ ಆಫ್ ಟೆನ್ ಇಯರ್ಸ್ ಸ್ಟ್ಯಾಂಡಿಂಗ್’ ಅಂತಾರಲ್ಲ ವಕೀಲರ ವಿಷ್ಯದಲ್ಲಿ, ಹತ್ತು ವರ್ಷ ಕೋರ್ಟಿನಲ್ಲಿ ನಿಂತೇ ಇದ್ದೋರು ಅಂತಲ್ಲ, ಹತ್ತು ವರ್ಷದಿಂದ ಪ್ರಾಕ್ಟೀಸ್ ಇರೋರು ಅಂತ. ನಮ್ಮಲ್ಲಿ ‘ನೆಲೆನಿಂತ’ ಅಂತಾರೆ ನೋಡಿ, ನೆಲೆನಿಂತ ಪದ್ಧತಿ, ನೆಲೆನಿಂತ ವ್ಯಾಪಾರ, ಆ ‘ನಿಂತ’ವೇ ಇದು.

ಟರ್ಮ್ ಬಗ್ಗೆ ಒಂದು ಎಚ್ಚರಿಕೆ. ‘ಕಾಲಕ್ಕೆ’ ಟೆಸ್ಟು ಸಾಲ, ಪ್ಲಾನು, ಒಪ್ಪಂದ, ಹೂಡಿಕೆ ಇಂಥವಕ್ಕೆ ಚೆನ್ನಾಗಿ ಕೆಲ್ಸ ಮಾಡತ್ತೆ. ಆದ್ರೆ ಲಾಂಗ್-ಟರ್ಮ್ ಸ್ವಲ್ಪ ಧಾರಾಳಿ ಪದ, ಲಾಂಗ್-ಟರ್ಮ್ ಇಲ್ನೆಸ್, ಲಾಂಗ್-ಟರ್ಮ್ ರಿಲೇಶನ್‌ಶಿಪ್ ಅಂತ ಹಿಂದಿನಿಂದ ಬಂದಿರೋದಕ್ಕೂ ಕೈ ಚಾಚತ್ತೆ. ಅಲ್ಲಿ ಟೆಸ್ಟು ನೆಚ್ಕೋಬೇಡಿ, ಕೇಳಿ ಕೇಳಿ ರೂಢಿ ಆಗ್ಬೇಕು.

ಅಂದಹಾಗೆ ಇದೇ ‘ದಿಂದ’ ಇನ್ನೊಂದು ಕಡೆ ನಮ್ಮನ್ನ ಬೀಳಿಸತ್ತೆ. ‘ಎರಡು ವರ್ಷದಿಂದ ಇಲ್ಲಿದೀನಿ’ ಅನ್ನೋದನ್ನ ‘ಸಿನ್ಸ್ ಟು ಇಯರ್ಸ್’ ಅಂತ ಮಾಡ್ತೀವಲ್ಲ, ಅದು ‘ಫಾರ್ ಟು ಇಯರ್ಸ್’ ಆಗ್ಬೇಕು. ಸಿನ್ಸ್‌ಗೆ ಶುರುವಾದ ದಿನ ಬೇಕು, ಸಿನ್ಸ್ 2023 ಅನ್ನೋ ಥರ. ಅದರ ಕಥೆ ಇನ್ನೊಂದ್ಸಲ.

ಈಗ ನಿಮ್ಮ ‘ಲಾಸ್ಟ್’ ಅನ್ನೋ ಪದದ ಪ್ರಶ್ನೆ. ನಿಜ ಹೇಳ್ಬೇಕಂದ್ರೆ ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಇದೇ, ಯಾಕಂದ್ರೆ ಇಪ್ಪತ್ತೈದು ವರ್ಷ ಪಾಠ ಮಾಡಿದ್ರೂ ಒಬ್ಬ ಹುಡುಗ ಕೂಡ ಇದನ್ನ ಕೇಳಿರ್ಲಿಲ್ಲ. ಲಾಸ್ಟ್ ಅನ್ನೋದು ಒಂದು ಪದ ಅಲ್ಲ, ಒಂದೇ ಅಂಗಿ ಹಾಕ್ಕೊಂಡಿರೋ ಇಬ್ಬರು. ಲಾಸ್ಟ್ ಬಸ್ಸು, ಲಾಸ್ಟ್ ಡೇಟು ಅನ್ನೋ ‘ಕೊನೆ’ ಇದ್ಯಲ್ಲ, ಅದು ಲೇಟ್ ಅನ್ನೋದರ ಮಗ. ಲೇಟ್‌ಗೆ ಹಳೇ ಇಂಗ್ಲಿಷಿನಲ್ಲಿ ಲಾಟೊಸ್ಟ್ ಅನ್ನೋ ರೂಪ ಇತ್ತು, ಎಲ್ಲರಿಗಿಂತ ತಡ ಅಂತ ಅರ್ಥ, ಅದು ಸವೆದು ಸವೆದು ಲಾಸ್ಟ್ ಆಯ್ತು. ಬೆಟ್‌ಸ್ಟ್ ಅನ್ನೋದು ಬೆಸ್ಟ್ ಆದ ಹಾಗೇನೇ.

ಬಾಳಿಕೆ ಬರೋ ಲಾಸ್ಟ್‌ನ ವಂಶಾನೇ ಬೇರೆ. ಅದರ ಬೇರು ಹೆಜ್ಜೆ ಗುರುತು. ಹಳೇ ಇಂಗ್ಲಿಷಿನಲ್ಲಿ ಲಾಸ್ಟ್ ಅಂದ್ರೆ ಪಾದದ ಅಚ್ಚು, ಅದರಿಂದ ಹುಟ್ಟಿದ ಕ್ರಿಯಾಪದಕ್ಕೆ ಹೆಜ್ಜೆ ಹಿಡಿದು ಹಿಂದೆ ಹೋಗೋದು ಅಂತ ಅರ್ಥ ಇತ್ತು, ಹಿಂದೆ ಹೋಗೋದು ಅಂದ್ರೆ ಬಿಡದೆ ನಡೆಸೋದು, ಬಿಡದೆ ನಡೆಸೋದು ಅಂದ್ರೆ ಮುಂದುವರೆಯೋದು, ಹಾಗೇ ಬಂದು ಕೊನೆಗೆ ಬಾಳಿಕೆ ಬರೋದು ಅಂತ ನಿಂತ್ಕೊಳ್ತು. ಜರ್ಮನ್ ಭಾಷೆಯ ಲೈಸ್ಟೆನ್ ಇದರ ದಾಯಾದಿ, ಅಲ್ಲಿ ಅದಕ್ಕೆ ಮಾಡಿ ಮುಗಿಸೋದು, ಸಾಧಿಸೋದು ಅನ್ನೋ ಅರ್ಥ ಉಳೀತು. ಚಪ್ಪಲಿ ಹೊಲಿಯೋರು ಇಟ್ಕೊಂಡಿರೋ ಮರದ ಪಾದ, ಅದರ ಮೇಲೆ ಚರ್ಮ ಎಳೆದು ಶೂ ಕಟ್ತಾರಲ್ಲ, ಅದಕ್ಕೂ ಇಂಗ್ಲಿಷಿನಲ್ಲಿ ಇವತ್ತಿಗೂ ಲಾಸ್ಟ್ ಅಂತಾನೇ ಹೆಸರು. ಅಲ್ಲಿಗೆ ಲಾಂಗ್-ಲಾಸ್ಟಿಂಗ್ ಶೂ ಅನ್ನೋದ್ರಲ್ಲಿ ಪಾದ ಎರಡ್ಸಲ ಇದೆ ಅಂದಂಗಾಯ್ತು. ನಮ್ಮ ‘ಬಾಳಿಕೆ’ ಬಂದಿದ್ದು ‘ಬಾಳು’ ಅನ್ನೋದ್ರಿಂದ, ನಾವು ವಸ್ತೂಗೂ ಜೀವ ಕೊಟ್ವಿ, ಅವ್ರು ನಡಿಗೆ ಕೊಟ್ರು. ತಾಳಿದವನು ಬಾಳಿಯಾನು ಅಂತೀವಲ್ಲ, ಅದನ್ನ ಹೊಲಿಗೆ ಮಜಬೂತಾಗಿರೋ ಚಪ್ಪಲಿಗೂ ಹೇಳಬಹುದು, ಅದಕ್ಕೂ ಬಾಳಿಕೆ ಅಂತಾನೇ ಅಂತೀವಿ.

ವಸ್ತೂಗೆ ಅಂದೆ, ಮನುಷ್ಯರಿಗೆ ಅನ್ನಲಿಲ್ಲ. ಇದು ಮುಖ್ಯ. ನಾನು ಒಂದ್ಸಲ ಒಂದು ಆಫೀಸಿನ ಬೀಳ್ಕೊಡುಗೆಗೆ ಹೋಗಿದ್ದೆ, ಮೂವತ್ತೆರಡು ವರ್ಷ ಕೆಲ್ಸ ಮಾಡಿದ ಸ್ಟೋರ್ ಕೀಪರ್ ರಿಟೈರ್ ಆಗ್ತಿದ್ರು, ಸ್ಟೇಜಿನ ಹಿಂದೆ ದೊಡ್ಡ ಫ್ಲೆಕ್ಸಿನಲ್ಲಿ ‘ಫೇರ್‌ವೆಲ್ ಟು ಅವರ್ ಲಾಂಗ್ ಲಾಸ್ಟಿಂಗ್ ಎಂಪ್ಲಾಯಿ’ ಅಂತ ಪ್ರಿಂಟ್ ಹಾಕ್ಸಿದ್ರು. ಆ ಮನುಷ್ಯ ಪಾಪ ಕೆಳಗೆ ಹಾರ ಹಾಕ್ಕೊಂಡು ಕೂತಿದ್ರೆ ಮೇಲೆ ಬ್ಯಾಟರಿ ಸೆಲ್ಲಿನ ಜಾಹೀರಾತು. ಯಾರಿಗೂ ಏನೂ ಅನ್ನಿಸ್ಲಿಲ್ಲ, ಹಿಂದಿನ ಸಾಲಿನಲ್ಲಿದ್ದ ಒಬ್ಬ ಟ್ರೈನಿ ಹುಡುಗ ಮಾತ್ರ ಮುಸಿ ಮುಸಿ ನಗ್ತಿದ್ದ. ಮನುಷ್ಯರು ಲಾಸ್ಟಿಂಗ್ ಆಗಲ್ಲ ಅಂತ ನೆನಪಿಟ್ಕೊಳ್ಳಿ. ಕೆಲಸದವ್ರು ಲಾಂಗ್-ಸರ್ವಿಂಗ್, ಗೆಳೆಯ ಲಾಂಗ್‌ಟೈಮ್ ಫ್ರೆಂಡ್, ಸಂಘದ ಸದಸ್ಯ ಲಾಂಗ್-ಸ್ಟ್ಯಾಂಡಿಂಗ್ ಮೆಂಬರ್. ಗಂಡನ ಕಾಟ ತಡ್ಕೊಂಡು ಬಂದ ಹೆಂಡ್ತಿ ಲಾಂಗ್-ಸಫರಿಂಗ್, ಇದೂ ಡಿಕ್ಷನರೀಲಿರೋ ಪದವೇ, ನಾನು ಕಟ್ಟಿದ್ದಲ್ಲ. ರಾಜರಾಣಿಯರಿಗೆ ಬೇರೆ ಪದ ಇದೆ, ಬ್ರಿಟನ್ನಿನ ಎರಡನೇ ಎಲಿಜಬೆತ್ 1952ರಿಂದ 2022ರವರೆಗೆ ಎಪ್ಪತ್ತು ವರ್ಷ ಪಟ್ಟದಲ್ಲಿದ್ದರಲ್ಲ, ಅವ್ರನ್ನ ಲಾಂಗೆಸ್ಟ್-ರೇನಿಂಗ್ ಅಂತಾರೆ.

ಡಾಕ್ಟರ್‌ಗಳಿಗೂ ಅವ್ರದ್ದೇ ಪದ ಇದೆ, ಒಂದ್ಸಲ ಚುಚ್ಚಿಕೊಂಡ್ರೆ ಹೆಚ್ಚು ಕಡಿಮೆ ಒಂದು ದಿನ ಪೂರ್ತಿ ಕೆಲ್ಸ ಮಾಡೋ ಇನ್ಸುಲಿನ್ನಿಗೆ ಲಾಂಗ್-ಆಕ್ಟಿಂಗ್ ಅಂತಾರೆ, ಯಾಕಂದ್ರೆ ಅಲ್ಲಿ ಬಾಟಲು ಎಷ್ಟು ದಿನ ಬಂತು ಅನ್ನೋದಲ್ಲ, ಔಷಧಿ ಎಷ್ಟು ಹೊತ್ತು ಕೆಲ್ಸ ಮಾಡ್ತು ಅನ್ನೋದು ಲೆಕ್ಕ.

ಲಾಸ್ಟಿಂಗ್ ಅಂತ ಒಂಟಿಯಾಗಿ ಬಂದ್ರೆ? ಅಲ್ಲಿ ಅರ್ಥ ಸ್ವಲ್ಪ ಜಾಸ್ತಿ ಗಟ್ಟಿಯಾಗತ್ತೆ. ಲಾಸ್ಟಿಂಗ್ ಪೀಸ್, ಲಾಸ್ಟಿಂಗ್ ಇಂಪ್ರೆಷನ್, ಲಾಸ್ಟಿಂಗ್ ಡ್ಯಾಮೇಜ್ ಅಂದ್ರೆ ಹೆಚ್ಚು ಕಡಿಮೆ ಅಳಿಯದೆ ಉಳಿಯೋದು. ಲಾಂಗ್ ಸೇರಿಸಿದ್ರೆ ಪದ ಉದ್ದ ಆಗತ್ತೆ, ಆದ್ರೆ ಕಾಲ ಕಮ್ಮಿ ಆಗತ್ತೆ, ಬಹಳ ದಿನ ಇರತ್ತೆ ಆದ್ರೆ ಒಂದಿನ ಹೋಗತ್ತೆ ಅನ್ನೋ ಸೂಚನೆ ಅದರಲ್ಲೇ ಇದೆ. ವೋಟಿನ ಇಂಕು ಇದೇ ಥರ. ಎವರ್‌ಲಾಸ್ಟಿಂಗ್ ಅಂದ್ರೆ ಎಂದೆಂದಿಗೂ, ದೇವರು ಸ್ವರ್ಗ ಇಂಥ ಮಾತಿಗೆ ಸರಿ, ಇಲ್ಲಾಂದ್ರೆ ಮುಗಿಯದ ಪಿರಿಪಿರಿಯನ್ನ ಗೇಲಿ ಮಾಡೋಕೆ. ಬಿಸಿನೆಸ್ ಮೇಲ್‌ನಲ್ಲಿ ‘ಎವರ್‌ಲಾಸ್ಟಿಂಗ್ ರಿಲೇಶನ್‌ಶಿಪ್’ ಅಂತ ಬರೀಬೇಡಿ, ಮದುವೆ ಪ್ರಪೋಸಲ್ ಅನ್ಕೊಂಡಾರು.

ಲಾಂಗ್-ಲಾಸ್ಟಿಂಗ್ ಅನ್ನೋದಕ್ಕೆ ಅಳತೆಗೋಲು ಇಟ್ಟು ಅಧಿಕೃತ ಹೆಸರಾಗಿ ಬಳಸೋ ಒಂದು ಜಾಗ ಇದೆ, ಸೊಳ್ಳೆಪರದೆ. ಮಲೇರಿಯಾ ತಡೆಯೋಕೆ ಹಂಚೋ ಕೀಟನಾಶಕ ಸೇರಿಸಿದ ಪರದೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ‘ಲಾಂಗ್-ಲಾಸ್ಟಿಂಗ್ ಇನ್ಸೆಕ್ಟಿಸೈಡಲ್ ನೆಟ್’ ಅಂತ ಕರೆಯತ್ತೆ. ಲ್ಯಾಬಿನಲ್ಲಿ ಕನಿಷ್ಠ 20 ಸಲ ಒಗೆದ್ರೂ, ಮನೇಲಿ 3 ವರ್ಷ ಬಳಸಿದ್ರೂ ಔಷಧಿ ಕೆಲ್ಸ ಮಾಡ್ತಿರ್ಬೇಕು, ಆಗ್ಲೇ ಆ ಹೆಸರು. ಲಿಪ್‌ಸ್ಟಿಕ್ಕು, ಅಗರಬತ್ತಿ ಪ್ಯಾಕೆಟ್ಟಿನ ಮೇಲೆ ಅದೇ ಪದ ನೋಡಿದಾಗ ಇದನ್ನ ನೆನೆಸ್ಕೊಳ್ಳಿ, ಅಲ್ಲಿ ‘ಲಾಂಗ್’ ಅಂದ್ರೆ ಎಷ್ಟು ಅಂತ ಯಾರೂ ಬರೆದಿರಲ್ಲ.

ಗೀಟಿಗೆ ಬರೋಣ, ಹೈಫನ್. ಎರಡು ಪದ ಸೇರಿ ಒಂದೇ ವಿಶೇಷಣ ಆಗಿ ನಾಮಪದದ ಮುಂದೆ ಬಂದು ನಿಂತ್ರೆ ಮಧ್ಯೆ ಗೀಟು. ಇದೇನು ಬರೀ ಅಲಂಕಾರ ಅನ್ಕೋಬೇಡಿ. ಒಂದು ನಾಟಕ ಮುಗಿದ್ಮೇಲೆ ಜನ ಎದ್ದು ನಿಂತು ಹತ್ತು ನಿಮಿಷ ಚಪ್ಪಾಳೆ ತಟ್ಟಿದ್ರು ಅಂದ್ಕೊಳ್ಳಿ. ಎದ್ದು ನಿಂತು ತಟ್ಟೋ ಚಪ್ಪಾಳೆಗೆ ಸ್ಟ್ಯಾಂಡಿಂಗ್ ಒವೇಷನ್ ಅಂತಾರೆ, ಅದು ಉದ್ದ ಇತ್ತು ಅಂತ ಹೇಳೋಕೆ ಗೀಟಿಲ್ಲದೆ ‘ಎ ಲಾಂಗ್ ಸ್ಟ್ಯಾಂಡಿಂಗ್ ಒವೇಷನ್’ ಅಂತ ಬರೀಬೇಕು. ಗೀಟು ಹಾಕಿ ‘ಎ ಲಾಂಗ್-ಸ್ಟ್ಯಾಂಡಿಂಗ್ ಒವೇಷನ್’ ಅಂತ ಮಾಡಿದ್ರೆ ಅದು ಎಷ್ಟೋ ವರ್ಷದಿಂದ ನಡೀತಾ ಬಂದಿರೋ ಚಪ್ಪಾಳೆ ಆಗೋಗತ್ತೆ. ಒಂದು ಸಣ್ಣ ಗೆರೆ, ಹತ್ತು ನಿಮಿಷನ ಹತ್ತು ವರ್ಷ ಮಾಡ್ಬಿಡ್ತು.

ನಾಮಪದದ ಹಿಂದೆ ಬಂದ್ರೆ, ಅಂದ್ರೆ ‘ದಿ ಎಫೆಕ್ಟ್ ಈಸ್ ಲಾಂಗ್ ಲಾಸ್ಟಿಂಗ್’ ಅನ್ನೋ ಥರ ಕೊನೇಲಿದ್ರೆ ಗೀಟು ಬಿಡಬಹುದು ಅಂತ ಕೆಲವು ಸ್ಟೈಲ್ ಪುಸ್ತಕಗಳು ಹೇಳ್ತಾವೆ, ಆದ್ರೆ ಡಿಕ್ಷನರೀಲಿ ಈ ಪದ ಗೀಟಿನ ಜೊತೇನೇ ಇರೋದ್ರಿಂದ ಬಹಳ ಜನ ಅಲ್ಲೂ ಹಾಗೇ ಇಟ್ಕೋತಾರೆ, ನಾನೂ ಇಟ್ಕೋತೀನಿ, ಒಂದು ಯೋಚ್ನೆ ಕಮ್ಮಿ. ಲಾಂಗ್‌ಸ್ಟ್ಯಾಂಡಿಂಗ್ ಅಂತ ಅಂಟಿಸಿ ಬರೆಯೋದೂ ನಿಮ್ಮ ಕಣ್ಣಿಗೆ ಬೀಳತ್ತೆ, ತಪ್ಪಲ್ಲ, ಒಂದು ಬರಹದಲ್ಲಿ ಒಂದೇ ರೂಪ ಇಟ್ಕೊಳ್ಳಿ ಸಾಕು. ಲಾಂಗ್‌ಟೈಮ್, ಲೈಫ್‌ಲಾಂಗ್, ಎವರ್‌ಲಾಸ್ಟಿಂಗ್ ಇವು ಅಂಟಿಕೊಂಡೇ ಇರ್ತವೆ. ಆದ್ರೆ ‘ಫಾರ್ ಎ ಲಾಂಗ್ ಟೈಮ್’, ‘ಇನ್ ದಿ ಲಾಂಗ್ ಟರ್ಮ್’ ಅನ್ನೋವಾಗ ಲಾಂಗ್ ಬೇರೆ, ಟೈಮ್ ಬೇರೆ, ಟರ್ಮ್ ಬೇರೆ. ಅಲ್ಲಿ ಗೀಟಿಗೆ ಕೆಲ್ಸ ಇಲ್ಲ.

ಹೋಲಿಕೆ ಮಾಡೋವಾಗ ಮೋರ್ ತಂದು ಮುಂದೆ ಇಡಬೇಡಿ. ಬದಲಾಗೋದು ಮೊದಲ ತುಂಡು: ಲಾಂಗರ್-ಲಾಸ್ಟಿಂಗ್, ಲಾಂಗೆಸ್ಟ್-ಲಾಸ್ಟಿಂಗ್. ಮೋರ್ ಲಾಂಗ್-ಲಾಸ್ಟಿಂಗ್ ಅಂತ ಬರೆಯೋರು ಇದಾರೆ, ಅರ್ಥಾನೂ ಆಗತ್ತೆ, ಆದ್ರೆ ಪ್ರೂಫ್ ನೋಡೋನ ಕೈಗೆ ಸಿಕ್ಕಿದ್ರೆ ಕೆಂಪು ಇಂಕು ಬೀಳೋದು ಗ್ಯಾರಂಟಿ.

ಈಗ ನೀವು ಕೇಳದೇ ಇರೋದು, ಆದ್ರೆ ಕೇಳೇ ಕೇಳ್ತೀರಿ ಅಂತ ಗೊತ್ತಿರೋದು: ಲೆಕ್ಕ ಸೇರಿದಾಗ ಏನು? ‘ಫೈವ್-ಡೇಸ್ ಮ್ಯಾಚ್’ ಅಲ್ಲ, ‘ಫೈವ್-ಡೇ ಮ್ಯಾಚ್’. ‘ಟೆನ್-ಇಯರ್ಸ್-ಓಲ್ಡ್ ಬಾಯ್’ ಅಲ್ಲ, ‘ಟೆನ್-ಇಯರ್-ಓಲ್ಡ್ ಬಾಯ್’. ಇದನ್ನ ಬಾಯಿಪಾಠ ಮಾಡಿಸ್ತಾರೆ ಸ್ಕೂಲಿನಲ್ಲಿ, ಅದರ ಅಗತ್ಯಾನೇ ಇಲ್ಲ, ನಿಮ್ಮ ಬಾಯನ್ನೇ ಕೇಳಿ. ನೀವು ‘ಐದು ದಿನದ ಮ್ಯಾಚು’ ಅಂತೀರೋ ‘ಐದು ದಿನಗಳ ಮ್ಯಾಚು’ ಅಂತೀರೋ? ‘ಹತ್ತು ವರ್ಷದ ಹುಡುಗ’ ಅಂತೀರೋ ‘ಹತ್ತು ವರ್ಷಗಳ ಹುಡುಗ’ ಅಂತೀರೋ? ಪೇಪರಿನ ಕನ್ನಡ ಬಿಡಿ, ಮಾತಿನ ಕನ್ನಡ ಈ ವಿಷ್ಯದಲ್ಲಿ ಇಂಗ್ಲಿಷಿನ ಥರಾನೇ, ಸಂಖ್ಯೆ ಮುಂದೆ ಇದ್ದಾಗ ‘ಗಳು’ ಹೊತ್ಕೊಂಡು ತಿರುಗಲ್ಲ. ಮೈಸೂರು ದಸರಾ ‘ಟೆನ್-ಡೇ ಫೆಸ್ಟಿವಲ್’, ಹತ್ತು ದಿನದ ಹಬ್ಬ, ಅಷ್ಟೇ.

ಐದು ದಿನದ ಮ್ಯಾಚು ಅಂದಾಗ ನೆನಪಾಯ್ತು, ಒಂದು ಕಾಲದಲ್ಲಿ ದಿನದ ಲೆಕ್ಕಾನೇ ಇಲ್ಲದ ಟೆಸ್ಟ್ ಇತ್ತು, ಟೈಮ್‌ಲೆಸ್ ಟೆಸ್ಟ್ ಅಂತ. 1939ರ ಮಾರ್ಚ್‌ನಲ್ಲಿ ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಇಂಗ್ಲೆಂಡ್ ಗೆಲ್ಲೋಕೆ 696 ಬೇಕಿತ್ತು, 654 ಹೊಡೆದು ಇನ್ನು 42 ರನ್ ಬಾಕಿ ಇರೋವಾಗ ಹಡಗಿಗೆ ಹೊತ್ತಾಯ್ತು ಅಂತ ಡ್ರಾ ಮಾಡ್ಕೊಂಡು ಹೊರಟ್ರು. ಹೆಸರು ಟೈಮ್‌ಲೆಸ್, ಮುಗಿಸಿದ್ದು ಟೈಮು.

ಆದ್ರೆ ಸಂಖ್ಯೆ ಇಲ್ಲದೆ ಸುಮ್ನೆ ‘ದಶಕಗಟ್ಟಲೆ’ ಅನ್ನೋವಾಗ ಲೆಕ್ಕ ಉಲ್ಟಾ ಆಗತ್ತೆ, ಅಲ್ಲಿ ಎಸ್ ಉಳಿಯತ್ತೆ: ಡೆಕೇಡ್ಸ್-ಲಾಂಗ್ ಹೋರಾಟ, ಮಂತ್ಸ್-ಲಾಂಗ್ ಸ್ಟ್ರೈಕ್, ಸೆಂಚುರೀಸ್-ಓಲ್ಡ್ ಸಂಪ್ರದಾಯ. ಎರಡು ದಶಕ ಅಂತ ಲೆಕ್ಕ ಕೊಟ್ಟ ತಕ್ಷಣ ಟು-ಡೆಕೇಡ್-ಲಾಂಗ್, ಎಸ್ ಮಾಯ. ಇದಕ್ಕೂ ನಮ್ಮ ‘ಗಟ್ಟಲೆ’ನೇ ಗುರುತು, ‘ಗಟ್ಟಲೆ’ ಅಂತ ಬಾಯಿಗೆ ಬಂದ್ರೆ ಎಸ್ ಇಡಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ ದಸರಾ, ಶತಮಾನಗಟ್ಟಲೆ ಹಳೇದು, ಸೆಂಚುರೀಸ್-ಓಲ್ಡ್. ಇನ್ನು ಒಂಟಿ ಅವಧಿಗೆ ಲಾಂಗ್ ಅಂಟಿಸಿದ್ರೆ ಅದು ನಮ್ಮ ‘ಇಡೀ’: ದಿನವಿಡೀ ನಡೆಯೋದು ಡೇ-ಲಾಂಗ್, ವರ್ಷವಿಡೀ ನಡೆಯೋದು ಇಯರ್-ಲಾಂಗ್, ಬದುಕಿಡೀ ಇರೋದು ಲೈಫ್‌ಲಾಂಗ್. ರಾತ್ರಿಯಿಡೀ ಆಡೋ ಯಕ್ಷಗಾನಕ್ಕೆ ಮಾತ್ರ ನೈಟ್-ಲಾಂಗ್‌ಗಿಂತ ಆಲ್-ನೈಟ್ ಚೆಂದ, ಯಾಕೆ ಅಂತ ಕೇಳ್ಬೇಡಿ, ರೂಢಿ.

ಕಾಲ ಎಳೆದಿದ್ದಕ್ಕೆ ಬೇಜಾರು ತೋರಿಸ್ಬೇಕು ಅಂದ್ರೆ ಲಾಂಗ್-ಡ್ರಾನ್-ಔಟ್, ನಾವು ಔಟ್ ಬಿಟ್ಟು ಲಾಂಗ್-ಡ್ರಾನ್ ಅಂತೀವಿ, ಅದೂ ನಡಿಯತ್ತೆ. ಭಾಷಣ ಎಳೆದ್ರೆ ಲಾಂಗ್-ವಿಂಡೆಡ್. ನಮ್ಮ ದೇಶದ ಆಫೀಸುಗಳು ಎದೆಗೆ ಅಪ್ಪಿಕೊಂಡಿರೋ ಪದ ಅಂದ್ರೆ ಲಾಂಗ್-ಪೆಂಡಿಂಗ್, ‘ಲಾಂಗ್-ಪೆಂಡಿಂಗ್ ಡಿಮ್ಯಾಂಡ್’ ಇಲ್ಲದೆ ಒಂದು ಮನವಿ ಪತ್ರಾನೂ ಬರೆಯೋಕಾಗಲ್ಲ. ಅದನ್ನ ಕೆಲವು ಮೇಷ್ಟ್ರುಗಳು ಇಂಡಿಯನ್ ಇಂಗ್ಲಿಷ್ ಅಂತ ಮೂಗು ಮುರೀತಾರೆ. ನನಗೇನೋ ಅದು ಬಹಳ ಒಳ್ಳೇ ಪದ ಅನ್ಸತ್ತೆ, ಲಾಂಗ್-ಸ್ಟ್ಯಾಂಡಿಂಗ್ ಡಿಮ್ಯಾಂಡ್ ಅಂದ್ರೆ ಬೇಡಿಕೆ ಹಳೇದು ಅಂತ ಮಾತ್ರ ಗೊತ್ತಾಗತ್ತೆ, ಪೆಂಡಿಂಗ್ ಅಂದ್ರೆ ಫೈಲು ಯಾರದ್ದೋ ಟೇಬಲ್ ಮೇಲೆ ಕೂತಿದೆ ಅಂತಾನೂ ಗೊತ್ತಾಗತ್ತೆ.

ಕೊನೇದಾಗಿ ಲಾಂಗ್-ಲಿವ್ಡ್, ಇದನ್ನ ಬಿಟ್ರೆ ನಾಳೆ ಇನ್ನೊಬ್ರು ಕೇಳ್ತಾರೆ. ಜೀವ ಇರೋದಕ್ಕೆ ಇದು, ಆಮೆ, ಮರ, ಅಜ್ಜ ಅಜ್ಜಿ ನೂರರ ಹತ್ರ ಬದುಕೋ ವಂಶ. ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೆ ನಾನೂರು ವರ್ಷ ಅಂತಾರೆ, ಮೂಲ ಕಾಂಡ ಸತ್ತು ಹೋಗಿ ಬಿಳಲುಗಳ ಮೇಲೆ ನಿಂತಿದೆ, ಲಾಂಗ್-ಲಿವ್ಡ್ ಟ್ರೀ. ನಮ್ಮ ‘ಚಿರಂಜೀವಿ’ ಅಕ್ಷರಶಃ ಇದೇ ಪದ, ಚಿರ ಅಂದ್ರೆ ಬಹಳ ಕಾಲ, ಜೀವಿ ಅಂದ್ರೆ ಬದುಕೋನು, ಮದುವೆ ಕಾಗದದಲ್ಲಿ ಹುಡುಗನ ಹೆಸರಿನ ಮುಂದೆ ಬರೀ ‘ಚಿ.’ ಅಂತ ಹಾಕಿ ಮುಗಿಸ್ತೀವಿ. ಉಚ್ಚಾರಕ್ಕೆ ಎರಡು ದಾರಿ. ಬ್ರಿಟಿಷರು ಸಾಮಾನ್ಯವಾಗಿ ಲಿವ್ಡ್ ಅಂತಾರೆ. ಅಮೆರಿಕದಲ್ಲಿ ಬಹಳ ಜನ ಲೈವ್ಡ್ ಅಂತಾರೆ, ಪದ ಹುಟ್ಟಿದ್ದು ಲೈಫ್ ಅನ್ನೋ ನಾಮಪದದಿಂದ ಅನ್ನೋ ನ್ಯಾಯ ಅವರ ಕಡೆ ಇದೆ. ನಿಮ್ಮ ಕಸ್ಟಮರ್ ಅಮೆರಿಕದೋರಾಗಿದ್ದು ಫೋನಲ್ಲಿ ಲೈವ್ಡ್ ಅಂದ್ರೆ ತಿದ್ದೋಕೆ ಹೋಗ್ಬೇಡಿ, ಆರ್ಡರ್ ಹೋಗತ್ತೆ.